ನಿಂತಲ್ಲಿ ಆರಿಹೋಗುವ ಹಳೆಯ ಮೋಟಾರು

ಸಂಸಾರಸ್ಥನಿಗೆ ಹಳೆಯ ಮೋಟಾರೆಂಬುದು ಮುಪ್ಪಿನ ಎತ್ತಿನಂತೆ. ಮಾರಲು ಮನಸ್ಸು ಬಾರದು, ನಂಬಿ ಹೊರಡಲು ಧೈರ್ಯ ಸಾಲದು. ನಮ್ಮ ಮನೆಯಲ್ಲಿ ತಂದೆಯವರು 1986ರಲ್ಲಿ ಕೊಂಡ ಅಂತಹುದೊಂದು ಗಾಡಿಯುಂಟು. ಕಳೆದ ಬೇಸಗೆಯಲ್ಲಿ ಅದರಿಂದ ನಾವು ಪಟ್ಟ ಪಾಡನ್ನೂ ಕಲಿತ ಪಾಠವನ್ನೂ ವಾಚಕರ ಮುಂದಿಡುತ್ತೇವೆ.

ತಾಯಿಯವರ ಕಣ್ಣಿನ ಪೊರೆ ತೆಗೆಯಿಸಲು ಸಿರುಗುಪ್ಪದಿಂದ ಬಳ್ಳಾರಿಗೆ ಹೋಗಬೇಕಾಗಿತ್ತು. ದಾರಿ 50 ಕಿಲೋಮೀಟರಿಗೂ ಮೇಲೆ; ವೈದ್ಯರು ಗೊತ್ತುಮಾಡಿದ್ದ ಹೊತ್ತು ಮಧ್ಯಾಹ್ನ 12 ಗಂಟೆ. ಮನೆಯ ಮುಂದೆ ಗಾಡಿ ಸುಖವಾಗಿಯೇ ಹೊರಟಿತು. ತೆಕ್ಕಲಕೋಟೆಯನ್ನು ದಾಟಿ, ಭತ್ತದ ಚೀಲಗಳನ್ನು ಹೇರಿದ ಟ್ರಾಕ್ಟರುಗಳ ಹಿಂದೆ ವೇಗವನ್ನು ತಗ್ಗಿಸಿದೆವು; ಎಂಜಿನು ಎರಡು ಬಾರಿ ನಡುಗಿ ಆರಿಹೋಯಿತು. ಎಷ್ಟು ತಿರುಗಿಸಿದರೂ ಹೊತ್ತಿಕೊಳ್ಳಲೊಲ್ಲದು. ಬಿಸಿಲೋ ಬಳ್ಳಾರಿಯ ಬಿಸಿಲು! ಹಿಂದಿನ ಆಸನದಲ್ಲಿದ್ದ ತಾಯಿಯವರು, "ಅದಕ್ಕೂ ನನ್ನಂಗ ವಯಸ್ಸಾಗೈತಿ, ಒಂದೀಟು ಕುಂತು ಏಳಲಿ ಬಿಡಪ್ಪಾ" ಎಂದರು. ಅರ್ಧ ಗಂಟೆಯ ಮೇಲೆ ಅದು ನಿಜವಾಗಿಯೂ ಎದ್ದಿತು. ಆದರೆ ಆಸ್ಪತ್ರೆಯಲ್ಲಿ ನಮ್ಮ ಸರದಿ ತಪ್ಪಿಹೋಗಿದ್ದು, ಇನ್ನು ಹದಿನೈದು ದಿನಗಳ ಮೇಲೆ ಬರಬೇಕೆಂದಾಯಿತು.

ಇದಕ್ಕೆ ಮೊದಲು ಮೇಸ್ತ್ರಿಯೊಬ್ಬನು ಎರಡು ಸಲ ಪ್ಲಗ್ಗು ಬದಲಿಸಿ, ನಿಂತಲ್ಲಿ ಓಡುವ ವೇಗದ ತಿರುಪನ್ನು ಏರಿಸಿ ಕಳುಹಿದ್ದನು. ತಿರುಪನ್ನು ಏರಿಸುವುದೆಂದರೆ ಜ್ವರಕ್ಕೆ ಕಂಬಳಿ ಹೊದಿಸಿದಂತೆಯೇ ಸರಿ. ರೋಗವು ಮರೆಯಾಗುವುದಲ್ಲದೆ ಹೋಗದು.

ಅಂಬಾಸಿಡರ್, ಪದ್ಮಿನಿ, ಮೊದಲ ಮಾರುತಿ 800 ಮುಂತಾದ ಹಳೆಯ ಗಾಡಿಗಳಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸತಕ್ಕದ್ದು ಕಾರ್ಬುರೇಟರು. ಅನೇಕ ಕಾರ್ಬುರೇಟರುಗಳಲ್ಲಿ ಓಟಕ್ಕೊಂದು ದಾರಿ, ನಿಂತಲ್ಲಿ ಮಿಡಿಯುವುದಕ್ಕೆ ಬೇರೊಂದು ಸಣ್ಣ ದಾರಿ. ಈ ಸಣ್ಣ ದಾರಿಯ ಜೆಟ್ಟಿನ ರಂಧ್ರದಲ್ಲಿ ಒಂದು ಕಣ ಧೂಳು ಕುಳಿತರೂ ಸಾಕು, ವೇಗದಲ್ಲಿ ಸರಾಗವಾಗಿ ಹೋಗುವ ಗಾಡಿ ನಿಂತೊಡನೆ ಆರುತ್ತದೆ. ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ಟು ಸೀಳಿ ಕಳ್ಳಗಾಳಿ ಒಳನುಗ್ಗಿದರೂ ಇದೇ ಲಕ್ಷಣ. ಆಗ ಕಿವಿಗೊಟ್ಟರೆ ಸಣ್ಣಗೆ ಬುಸುಗುಟ್ಟುವ ಸದ್ದು ಕೇಳಿಬರುವುದುಂಟು. ಮಿಶ್ರಣದ ತಿರುಪನ್ನು ಅತ್ತಿತ್ತ ತಿರುಗಿಸಿದರೂ ಎಂಜಿನು ಲೆಕ್ಕಿಸದಿದ್ದರೆ ಇವೆರಡರಲ್ಲಿ ಒಂದನ್ನು ಸಂದೇಹಿಸಬಹುದು. ಕಪ್ಪು ಹೊಗೆ ಬರುತ್ತಿದ್ದರೆ ಮಾತು ಬೇರೆ. ಗಾಳಿಯ ಫಿಲ್ಟರು ಕಟ್ಟಿದೆಯೋ, ಚೋಕು ಸಿಕ್ಕಿಕೊಂಡಿದೆಯೋ ನೋಡಬೇಕು.

ನಮ್ಮ ಗಾಡಿಯ ರೋಗವಾದರೋ ಕಾದ ಮೇಲೆ ಮಾತ್ರ ತೋರುತ್ತಿತ್ತು. ಇಂತಹಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆರಿದ ಗಳಿಗೆಯಲ್ಲಿ ಇಲ್ಲದಿರುವುದು ಕಿಡಿಯೋ ಪೆಟ್ರೋಲೋ? ತಣ್ಣಗಾದ ಮೇಲೆ ಪರೀಕ್ಷಿಸಿ ಫಲವಿಲ್ಲ. ಕಾಯಿಲು, ಕಂಡೆನ್ಸರುಗಳು ಕೆಟ್ಟಿದ್ದರೂ ಅವು ಕಾದಾಗ ಸೋತು ತಣಿದಾಗ ಚೇತರಿಸಿಕೊಳ್ಳುವುದರಿಂದ, ಊಹೆಯಿಂದಲೇ ಸಾಮಾನು ಬದಲಿಸುತ್ತಾ ಹೋದವರ ಹಣಕ್ಕೆ ಲೆಕ್ಕವಿರದು.

ಕುರುಗೋಡಿನಲ್ಲಿ ಬಂಧುಗಳ ಮನೆಗೆ ಹೋಗಿದ್ದಾಗ, ದೊಡ್ಡಬಸವೇಶ್ವರನ ದರ್ಶನ ಮಾಡಿಕೊಂಡು ಹಿಂದಿರುಗುವ ದಾರಿಯಲ್ಲಿ ಗಾಡಿ ಮತ್ತೆ ಆರಿತು. ಅಲ್ಲಿಯೇ ಇದ್ದ ವೃದ್ಧ ಮೇಸ್ತ್ರಿಯೊಬ್ಬರು ಗಾಳಿಯ ಡಬ್ಬಿಯನ್ನು ತೆಗೆದು, ಕಾರ್ಬುರೇಟರಿನ ಬಾಯಲ್ಲಿ ಇಣುಕುತ್ತಾ ಆಕ್ಸಿಲರೇಟರನ್ನು ಒತ್ತಿಸಿದರು. ಒಳಗೆ ಚಿಮ್ಮಬೇಕಾದ ಪೆಟ್ರೋಲಿನ ಎಳೆ ಕಾಣಲಿಲ್ಲ. ಡಬ್ಬಿಯನ್ನು ಮುಚ್ಚಿ, ಆಮೇಲೆ ಒಂದು ಪ್ಲಗ್ಗನ್ನು ಬಿಚ್ಚಿ ದೂರದಲ್ಲಿ ಎಂಜಿನಿನ ಮೈಗೆ ತಾಗಿಸಿ ನೋಡಿದರೆ ಕಿಡಿ ನೀಲಿಯಾಗಿ ಹಾರಿತು. (ಇವೆರಡನ್ನೂ ಒಟ್ಟಿಗೆ ಮಾಡಕೂಡದು, ಹತ್ತಿರದಲ್ಲಿ ಬೀಡಿಯೂ ಕೂಡದು.) "ಕಿಡಿ ಐತಿ, ಪೆಟ್ರೋಲ್ ಬರವಲ್ದು ಸಾರ್" ಎಂದು ಅವರು ಪಂಪಿನ ಮೇಲೆ ಒದ್ದೆಯ ಬಟ್ಟೆ ಹಾಕಿದರು. ಕೆಲವು ನಿಮಿಷಗಳಲ್ಲಿ ಎಂಜಿನು ಹೊತ್ತಿತು!

ಪೆಟ್ರೋಲಿನ ಹಗುರವಾದ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲಿಯೇ ಆವಿಯಾಗತೊಡಗುತ್ತವೆ. ನಿಧಾನವಾಗಿ ಹೋಗುವಾಗ ಗಾಳಿ ಬೀಸದೆ ಎಂಜಿನಿನ ಗೂಡು ಕಾಯುತ್ತದೆ. ಕೊಳವೆಯಲ್ಲಿ ಆವಿ ತುಂಬಿದರೆ ಪಂಪು ಅದನ್ನೇ ಎಳೆಯುತ್ತಾ ಸುಮ್ಮನೆ ದುಡಿಯುತ್ತದೆ. ಆದರೆ ತಂದೆಯವರ ಕಾಲದ ಬೇಸಗೆಗಳಲ್ಲಿ ಇಲ್ಲದ ತೊಂದರೆ ಈಗೇಕೆ? ಮೇಸ್ತ್ರಿಗಳು ಗಾಡಿಯ ಕೆಳಗೆ ನುಸುಳಿ, ಟ್ಯಾಂಕಿನ ಬಳಿಯ ರಬ್ಬರು ಕೊಳವೆಯನ್ನು ಬೆರಳಿನಿಂದ ಬಾಗಿಸಿ ತೋರಿಸಿದರು. ಮೈತುಂಬ ಬಿರುಕು. ಪಂಪು ಎಳೆಯುವ ಕಡೆಯಾದುದರಿಂದ ಪೆಟ್ರೋಲು ಹೊರಗೆ ತೊಟ್ಟಿಕ್ಕದೆ ಗಾಳಿಯೇ ಒಳಸೇರುತ್ತಿತ್ತು. ಅದರಿಂದಲೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆವಿಯೂ ಗಾಳಿಯೂ ಸೇರಿದ ಮೇಲೆ ಪಂಪು ತಾನೆ ಏನು ಮಾಡೀತು?

2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಹಳೆಯ ಗಾಡಿಗಳ ಕೆಲವು ಬಗೆಯ ರಬ್ಬರಿಗೆ ಎಥೆನಾಲು ಒಗ್ಗದು. ಅದು ತೇವವನ್ನೂ ಹೀರುತ್ತದೆ. ನಮ್ಮ ಕೊಳವೆ ಮುಪ್ಪಿನಿಂದ ಬಿರಿಯಿತೋ ಇದರಿಂದಲೋ, ಬಲ್ಲವರಾರು? ಎಥೆನಾಲನ್ನು ತಾಳುವ ಹೊಸ ಕೊಳವೆಗಳನ್ನೇ ಹಾಕಿಸಿದೆವು. ಖರ್ಚು ಹಿಂದಿನ ಪ್ಲಗ್ಗುಗಳಿಗಿಂತಲೂ ಕಡಿಮೆ. ಜೆಟ್ಟನ್ನು ಬಿಚ್ಚಿ ಗಾಳಿ ಊದಿಸಿ, ಏರಿಸಿದ್ದ ತಿರುಪನ್ನು ಇಳಿಸಿದ ಮೇಲೆ ಎಂಜಿನು ನಿಂತಲ್ಲಿಯೂ ಹದವಾಗಿ ಮಿಡಿಯತೊಡಗಿತು.

ಗೊತ್ತಾದ ದಿನ ಬಳ್ಳಾರಿಯನ್ನು ಹೊತ್ತಿಗೆ ಮುಂಚೆಯೇ ಸೇರಿದೆವು. ಮರುದಿನ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಹೊರಗೆ ಬಂದ ತಾಯಿಯವರು ಗಾಡಿಯನ್ನು ಒಂದು ಗಳಿಗೆ ದಿಟ್ಟಿಸಿ, "ಬಣ್ಣ ಇಷ್ಟು ಮಾಸಿದ್ದು ನನಗೆ ಗೊತ್ತs ಇರಲಿಲ್ಲಲ್ಲೋ" ಎಂದರು.