ಪೀತಬಿಂದುವಿನ ಭವಿಷ್ಯ

ನಾವು ಓದುವುದೂ ಮುಖಗಳನ್ನು ಗುರುತಿಸುವುದೂ ಅಕ್ಷಿಪಟದ ನಡುವಣ ಪೀತಬಿಂದುವಿನ ಬಲದಿಂದ. ಮುಪ್ಪಿನಲ್ಲಿ ಕೆಲವರಿಗೆ ಇದು ಕ್ಷಯಿಸುತ್ತದೆ. ಆ ಕ್ಷಯವು ಮುಂದುವರಿಯುವುದೇ ಎಂಬುದನ್ನು ಮೊದಲೇ ಅರಿಯಲಾದೀತೆ?

ಅಕ್ಷಿಪಟದ ಛಾಯಾಚಿತ್ರದಲ್ಲಿ ವೈದ್ಯರು ಎರಡು ಕುರುಹುಗಳನ್ನು ಅರಸುತ್ತಾರೆ. ಒಂದು, ಮಿಲಿಮೀಟರಿನ ಎಂಟನೆಯ ಒಂದು ಭಾಗಕ್ಕೆ ಕಡಮೆಯಿಲ್ಲದ ‘ಡ್ರೂಸೆನ್’ ಎಂಬ ಹಳದಿ ಕಲೆಗಳು. ಇನ್ನೊಂದು, ವರ್ಣದ್ರವ್ಯದ ಏರುಪೇರು. ಪ್ರತಿಯೊಂದು ಕಣ್ಣಿನಲ್ಲಿಯೂ ಕಂಡ ಕುರುಹೊಂದಕ್ಕೆ ಒಂದು ಅಂಕ. ಅಮೆರಿಕದಲ್ಲಿ ೨೦೦೫ರಲ್ಲಿ ಪ್ರಕಟವಾದ ಈ ಗಣನೆಯಂತೆ, ಐದು ವರ್ಷಗಳಲ್ಲಿ ರೋಗವು ಉಲ್ಬಣಿಸುವ ಸಂಭವವು ಸೊನ್ನೆ ಅಂಕದವರಲ್ಲಿ ನೂರಕ್ಕೆ ಸುಮಾರು ಅರ್ಧ, ಎರಡು ಅಂಕದವರಲ್ಲಿ ೧೨, ನಾಲ್ಕು ಅಂಕದವರಲ್ಲಿ ೫೦!

ಆದರೆ ಸಂಭವವು ಹಣೆಬರಹವಲ್ಲವೆಂಬುದನ್ನು ನಾವು ಮರೆಯಲಾಗದು. ಹೆಚ್ಚು ಅಂಕ ಪಡೆದವರನ್ನು ಮೇಲಿಂದ ಮೇಲೆ ಪರೀಕ್ಷಿಸುತ್ತಿದ್ದರೆ, ಸೋರುವ ಹೊಸ ರಕ್ತನಾಳಗಳನ್ನು ಮೊದಲಲ್ಲಿಯೇ ಕಂಡುಹಿಡಿದು, ಚಿಕಿತ್ಸೆಯಿಂದ ದೃಷ್ಟಿಯನ್ನು ಕಾಪಾಡುವ ಅವಕಾಶವು ಹೆಚ್ಚುತ್ತದೆ.