ರಾಯರು ತೀರಿಕೊಂಡಿದ್ದು ಯಾವ ದಿನ?

ಹಿಂದೂಪುರದ ಸಂತೆಗೆ ಹುಣಸೆಹಣ್ಣು ಹಾಕೋಕೆ ಹೋದಾಗಲೆಲ್ಲ ಮಂಡಿಯ ಸಾಹುಕಾರರೊಬ್ಬರ ಜೊತೆ ನನಗೊಂದು ಜಗಳ ಇದ್ದೇ ಇರುತ್ತಿತ್ತು. ದರದ ಜಗಳವಲ್ಲ, ಶ್ರೀಕೃಷ್ಣದೇವರಾಯರು ತೀರಿಕೊಂಡ ವರ್ಷದ ಜಗಳ. ನಾನು 1529 ಅಂತಿದ್ದೆ, ಅವರು 1530 ಅಂತಿದ್ದರು. ನಾನು ಓದಿದ ಪುಸ್ತಕದಲ್ಲಿ ಒಂದು, ಅವರು ಓದಿದ್ದರಲ್ಲಿ ಇನ್ನೊಂದು. ಜಗಳ ಮುಗಿಯೋದು ಹೇಗೆ?

ಇಂಥ ಗೊಂದಲ ಯಾಕೆ ಬರುತ್ತೆ ಅನ್ನೋದಕ್ಕೆ ಹಂಪಿಯ ವಿರೂಪಾಕ್ಷ ಗುಡಿಯ ಶಾಸನವನ್ನೇ ನೋಡಿ. ಅದು ರಾಯರ ಪಟ್ಟಾಭಿಷೇಕದ ಸಂದರ್ಭದ್ದು. ಶಕ 1430, ಶುಕ್ಲ ಸಂವತ್ಸರ, ಮಾಘ ಮಾಸ ಅಂತ ಕಲ್ಲಿನಲ್ಲಿದೆ. ಶಕಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತೆ. ಜನವರಿ ದಾಟಿದ ಮಾಘವಾದರೆ 79. ಆ ಲೆಕ್ಕಕ್ಕೆ 1509 ಆಯಿತು. ಆದರೆ ಶುಕ್ಲ ಸಂವತ್ಸರದ ಮಾಘ ಬಂದದ್ದು 1510ರಲ್ಲಿ. ಒಂದೇ ಕಲ್ಲು, ಎರಡು ವರ್ಷ! ಇನ್ನು ಸಾವಿನ ಮಾತು ಕೇಳಬೇಕೆ? ರಾಜರು ಗೆದ್ದದ್ದು, ಕೊಟ್ಟದ್ದು ಕಲ್ಲಿಗೇರುತ್ತಿತ್ತು. ಸತ್ತದ್ದನ್ನು ಕೆತ್ತಿಸುವ ವಾಡಿಕೆ ಬಲು ಅಪರೂಪ.

ಆ ಅಪರೂಪದ ಕಲ್ಲು 2021ರ ಫೆಬ್ರವರಿಯಲ್ಲಿ ಬೆಳಕಿಗೆ ಬಂತು. ಸಿಕ್ಕಿದ್ದು ಹಂಪಿಯಲ್ಲಲ್ಲ, ನಮ್ಮ ಮಡಕಶಿರಾ ಸೀಮೆಗೆ ನೆರೆಯ ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯಲ್ಲಿ, ಗೋಪಾಲಕೃಷ್ಣ ಗುಡಿಯ ಬಳಿ. ಶಾಸನ ಕನ್ನಡದ್ದು. ತುಮಕೂರಿನ ವೀರಪ್ರಸನ್ನ ಹನುಮಂತ ದೇವರ ಪೂಜೆಗೆ ಆ ಹಳ್ಳಿಯನ್ನೇ ದತ್ತಿ ಬಿಟ್ಟದ್ದನ್ನು ಅದು ಹೇಳುತ್ತದೆ. ರಾಯರು ತೀರಿಕೊಂಡ ದಿನವೂ ಅದರಲ್ಲಿದೆ: ಶಕ 1451, ವಿರೋಧಿ ಸಂವತ್ಸರ. ಅಂದರೆ 1529ರ ಅಕ್ಟೋಬರ್ 17, ಭಾನುವಾರ, ಚಂದ್ರಗ್ರಹಣದ ದಿನ.

ನಾನೂ ಮನೆಯಲ್ಲಿ ಪಂಚಾಂಗ ಹಿಡಿದು ಕೂತೆ. 1451ಕ್ಕೆ 78 ಕೂಡಿಸಿದರೆ 1529. ಸಂವತ್ಸರಗಳು 60 ವರ್ಷಕ್ಕೊಂದು ಸುತ್ತು. 2009ರ ಯುಗಾದಿಗೆ ವಿರೋಧಿ ಬಂದಿತ್ತಲ್ಲ, ಅಲ್ಲಿಂದ ಹಿಂದಕ್ಕೆ ಎಂಟು ಸುತ್ತು, 480 ವರ್ಷ ಕಳೆದರೂ 1529! ಶಕವೂ ಸಂವತ್ಸರವೂ ಇಲ್ಲಿ ಒಂದೇ ಮಾತು ಹೇಳಿದವು. ಮೇಲೆ ಗ್ರಹಣದ ಸಾಕ್ಷಿ ಬೇರೆ.

ಮುಂದಿನ ಸಂತೆಯಲ್ಲಿ ಸಾಹುಕಾರರಿಗೆ ಹೇಳಿದೆ. ಅವರು ನಕ್ಕು, "ವರ್ಷ ನೀನೇ ಇಟ್ಕೊ ಕವಿ. ರಾಯಲವಾರು ಮಾತ್ರ ಮಾವಾರು" ಅಂದರು. "ಮಾವಾರು ಅಲ್ಲಣ್ಣ, ಮನವಾರು" ಅಂದೆ. ಎರಡೂ ನುಡಿ ಬಲ್ಲ ಓದುಗರಿಗೆ ಈ ವ್ಯತ್ಯಾಸ ಗೊತ್ತು. ತೆಲುಗಿನ 'ಮಾ'ದಲ್ಲಿ ಎದುರಿಗಿರೋನು ಹೊರಗುಳೀತಾನೆ, 'ಮನ'ದಲ್ಲಿ ಅವನೂ ಸೇರುತ್ತಾನೆ. ನಮ್ಮ ಕನ್ನಡದ 'ನಮ್ಮ' ಎರಡಕ್ಕೂ ಒಂದೇ. ರಾಯರು ಆಮುಕ್ತಮಾಲ್ಯದ ಬರೆದದ್ದು ತೆಲುಗಿನಲ್ಲಿ. ಕುಮಾರವ್ಯಾಸ ಉಳಿಸಿದ ಭಾರತವನ್ನು ತಿಮ್ಮಣ್ಣ ಕವಿ ಅವರಿಗಾಗಿ ಪೂರ್ತಿ ಮಾಡಿದ್ದು ಕನ್ನಡದಲ್ಲಿ. ಪಾಲು ಮಾಡಿಕೊಳ್ಳೋಕೆ ಅದೇನು ಅಣ್ತಮ್ಮಂದಿರ ಹೊಲವೇ?

ಆದರೆ ಗೆದ್ದ ಸಂತೋಷ ನನಗೆ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ಮೂವತ್ತು ವರ್ಷದ ಹಿಂದೆ ನಮ್ಮ ಹೊಲದ ಬದುವಿನಲ್ಲೊಂದು ಅಕ್ಷರದ ಕಲ್ಲಿತ್ತು. ಬಾವಿಯ ಕಟ್ಟೆಗೆ ಬೇಕೂಂತ ನಾನೇ ನಿಂತು ನಾಲ್ಕು ತುಂಡು ಮಾಡಿಸಿದೆ. ಅದರಲ್ಲಿ ಯಾರ ಹುಟ್ಟಿತ್ತೋ, ಯಾರ ಸಾವಿತ್ತೋ! ಕವಿ ಅನ್ನಿಸಿಕೊಂಡವನ ಕೈಯಲ್ಲೇ ಆದ ಕೆಲಸ. ಈಗ ಹಗ್ಗ ತಿಕ್ಕಿ ತಿಕ್ಕಿ ಅಕ್ಷರವೆಲ್ಲ ಸವೆದಿದೆ. ನೀರು ಸೇದುವಾಗ ಬೆರಳಾಡಿಸುತ್ತೇನೆ, ಒಂದು ಸಾಲೂ ಹತ್ತೋದಿಲ್ಲ.

ಗಡಿಯ ಈಚೆ ಆಚೆ ಇರುವ ರೈತಬಂಧುಗಳೇ, ನಿಮ್ಮ ಬದುವಿನಲ್ಲಿ ಅಂಥ ಕಲ್ಲಿದ್ದರೆ ಒಡೆಯಬೇಡಿ, ಸುಣ್ಣ ಬಳಿಯಬೇಡಿ. ಊರಿನ ಮೇಷ್ಟರಿಗೆ ತೋರಿಸಿ, ಪುರಾತತ್ವ ಇಲಾಖೆಗೊಂದು ಕಾಗದ ಹಾಕಿಸಿ. ಹೊನ್ನೇನಹಳ್ಳಿಯ ಕಲ್ಲು ಒಡೆಯದೆ ಉಳಿದದ್ದಕ್ಕೆ ತಾನೇ ನಮ್ಮ ಜಗಳ ತೀರಿದ್ದು.