ಹಳೆ ಎಂಜಿನ್ನಿಗೆ ಫಿಲ್ಟರ್ ಅಡಾಪ್ಟರ್: ಥ್ರೆಡ್ ನೋಡಿ ಕೊಳ್ಳಿ

ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಮ್ಯಾಸಿ ಟ್ರ್ಯಾಕ್ಟರ್. ಮೂರು ಸಿಲಿಂಡರಿನ ಹಳೆ ಪರ್ಕಿನ್ಸ್ ಮಾದರಿ ಎಂಜಿನ್. ಇದರ ಆಯಿಲ್ ಫಿಲ್ಟರ್ ಈಗಿನ ಗಾಡಿಗಳ ಹಾಗೆ ಡಬ್ಬಿ ಸಮೇತ ತಿರುಗಿಸಿ ಕೂರಿಸುವಂಥದ್ದಲ್ಲ. ಒಂದು ಕಬ್ಬಿಣದ ಬಟ್ಟಲು, ಒಳಗೆ ಕಾಗದದ ಎಲಿಮೆಂಟ್, ನಡುವೆ ಉದ್ದನೆ ಬೋಲ್ಟು. ಹಳೆ ಅಂಬಾಸಿಡರ್ ಕಾರಿನಲ್ಲೂ ಇದೇ ಪದ್ಧತಿ. ಬಟ್ಟಲು ನೆಗ್ಗಿದರೆ, ಬೋಲ್ಟಿನ ಥ್ರೆಡ್ ಸವೆದರೆ ಹೊಸದು ಸಿಗುವುದು ಕಷ್ಟ. ಅದಕ್ಕೇ ಬಹಳ ಜನ ಅಡಾಪ್ಟರ್ ಹಾಕಿಸಿ, ತಿರುಗಿಸಿ ಕೂರಿಸುವ ಫಿಲ್ಟರಿಗೆ ಬದಲಾಗುತ್ತಾರೆ. ನಾನೂ ಬದಲಾದೆ. ಕೆಲಸ ಒಳ್ಳೆಯದೇ, ಆದರೆ ಅರಿಯದೆ ಮಾಡಿದರೆ ಎಂಜಿನ್ನೇ ಹೋಗುತ್ತದೆ.

2022ರ ಜುಲೈನಲ್ಲಿ ನನಗೆ ಆದದ್ದು ಹೇಳುತ್ತೇನೆ. ರಾತ್ರಿ ಒಳ್ಳೆ ಹದ ಮಳೆ ಬಿದ್ದಿತ್ತು. ಶೇಂಗಾ ಬಿತ್ತಬೇಕು. ಹಿಂದಿನ ವಾರವಷ್ಟೇ ಆಯಿಲ್ ಬದಲಿಸಿ ಹೊಸ ಫಿಲ್ಟರ್ ಹಾಕಿದ್ದೆ. ನನ್ನ ಅಳತೆಯದು ಇಲ್ಲ, ಇದೂ ಕೂರುತ್ತದೆ ಎಂದು ಅಂಗಡಿಯವರು ಬೇರೆ ಕೊಟ್ಟಿದ್ದರು. ಕೈಯಲ್ಲಿ ತಿರುಗಿಸಿದೆ, ಕೂತಿತು, ಕೊನೆಗೆ ಬಿಗಿಯೂ ಆಯಿತು. ಇನ್ನೇನು ಬೇಕು ಅಂದ್ಕೊಂಡೆ. ಎರಡೆಕರೆ ಮುಗಿಯುವ ಹೊತ್ತಿಗೆ ಹಿಂದೆ ಬರುತ್ತಿದ್ದ ಹೆಣ್ಣಾಳು ಕೂಗಿದಳು, "ಅಣ್ಣಾ, ಸಾಲಿನಾಗೆ ಕರೀ ಎಣ್ಣೆ ಸುರೀತೈತೆ!" ಇಳಿದು ನೋಡಿದರೆ ಫಿಲ್ಟರ್ ಕಳಚಿ ಓರೆಯಾಗಿ ನೇತಾಡುತ್ತಿತ್ತು. ಎಂಜಿನ್ ಒಳಗೆ ಟಕಟಕ ಶಬ್ದ ಆಗಲೇ ಶುರುವಾಗಿತ್ತು. ಆಯಿಲ್ ಪ್ರೆಶರ್ ಮೀಟರ್ ಕೆಟ್ಟು ಎರಡು ವರ್ಷವಾಗಿತ್ತು, ಅದು ನನ್ನದೇ ತಪ್ಪು. ಬೇರಿಂಗ್ ಹೊಸದು, ಕ್ರ್ಯಾಂಕ್ ಗ್ರೈಂಡಿಂಗ್ ಎಂದು ಹನ್ನೆರಡು ದಿನ ಟ್ರ್ಯಾಕ್ಟರ್ ಷೆಡ್ಡಿನಲ್ಲಿ ಕೂತಿತು. ಅಷ್ಟರಲ್ಲಿ ಹದ ಆರಿಹೋಯಿತು. ಉಳಿದ ಹೊಲಕ್ಕೆ ಆ ವರ್ಷ ಹುರುಳಿ ಚೆಲ್ಲಿದೆ.

ಆದದ್ದು ಏನೆಂದು ಲೇತಿನವರು ಅಳೆದು ತೋರಿಸಿದರು. ಅಡಾಪ್ಟರಿನ ನಡುವೆ ಇರುವ ಮೊಳೆ ಇಂಚಿನ ಲೆಕ್ಕದ್ದು: ಮುಕ್ಕಾಲು ಇಂಚು ದಪ್ಪ, ಅಂದರೆ 19.05 ಮಿ.ಮೀ., ಇಂಚಿಗೆ 16 ಸುತ್ತು. ನಾನು ತಂದ ಫಿಲ್ಟರ್ 20 ಮಿ.ಮೀ., ಸುತ್ತಿನ ಅಂತರ 1.5 ಮಿ.ಮೀ. ಮುಕ್ಕಾಲಿಂಚಿನ ಮೊಳೆಯ ಸುತ್ತಿನ ಅಂತರ ಸುಮಾರು 1.59. ಎರಡೂ ಅಷ್ಟು ಹತ್ತಿರ ಇರುವುದರಿಂದಲೇ ಮೋಸ. ಫಿಲ್ಟರ್ ಸಲೀಸಾಗಿ ತಿರುಗುತ್ತದೆ, ಆದರೆ ಥ್ರೆಡ್ಡಿನ ತುದಿ ಮಾತ್ರ ಕಚ್ಚಿರುತ್ತದೆ. ರಬ್ಬರ್ ಬಳೆ ಒತ್ತಿಕೊಂಡಾಗ ಬಿಗಿಯಾದಂತೆ ಕಾಣುತ್ತದೆ ಅಷ್ಟೇ.

ಆ ತುದಿಯ ಮೇಲೆ ಬೀಳುವ ಭಾರ ಎಷ್ಟು ಗೊತ್ತೇ? ರಬ್ಬರ್ ಬಳೆಯ ಒಳ ಅಗಲ ಆರೂವರೆ ಸೆಂ.ಮೀ. ಇದ್ದರೆ ಅದರ ಒಳಗಿನ ಜಾಗ ಸುಮಾರು 33 ಚದರ ಸೆಂ.ಮೀ. ಆಯಿಲ್ ಒತ್ತಡ ಚದರ ಸೆಂ.ಮೀ.ಗೆ 4 ಕಿಲೋ ಎಂದಿಟ್ಟುಕೊಳ್ಳಿ, ಫಿಲ್ಟರನ್ನು ಹೊರಕ್ಕೆ ದೂಡುವ ಬಲ 130 ಕಿಲೋ ದಾಟುತ್ತದೆ. ಕ್ವಿಂಟಲ್ ಮೂಟೆಗಿಂತ ಹೆಚ್ಚು! ಬೆಳಿಗ್ಗೆ ಆಯಿಲ್ ತಣ್ಣಗೆ ಗಟ್ಟಿ ಇದ್ದಾಗ ಒತ್ತಡ ಇನ್ನೂ ಜಾಸ್ತಿ.

ಆದ್ದರಿಂದ ಹೊಸ ಫಿಲ್ಟರ್ ತಂದಾಗ ಮೊದಲು ರಬ್ಬರ್ ಬಳೆ ಮುಟ್ಟುವ ಮುಂಚೆ, ಅರ್ಧ ತಿರುಗಿಸಿ ನಿಲ್ಲಿಸಿ ಅಲ್ಲಾಡಿಸಿ ನೋಡಿ. ಲೊಡಲೊಡ ಆಡಿದರೆ ಅದು ನಿಮ್ಮದಲ್ಲ, ವಾಪಸು ಕೊಡಿ. ಆಮೇಲೆ ಬಳೆ ಪೂರ್ತಿ ಅಡಾಪ್ಟರಿನ ನಯವಾದ ಮುಖದ ಮೇಲೆಯೇ ಕೂರುತ್ತದೆಯೇ ನೋಡಬೇಕು. ಬಳೆಗೆ ಹೊಸ ಆಯಿಲ್ ಸವರಿ, ಅದು ಮುಟ್ಟಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಸಾಕು.

ಇಂಚೋ ಎಂ.ಎಂ.ಓ ಎಂದು ಗಾಡಿಯ ಹೆಸರು ಕೇಳಿ ತೀರ್ಮಾನಿಸಬೇಡಿ, ಎಂಜಿನ್ ನೋಡಿ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದದ್ದು, ಅದರ ಹಳೆ ಎಂಜಿನ್ನಿನ ಬೋಲ್ಟುಗಳು ಇಂಚಿನವು. 1990ರ ದಶಕದಲ್ಲಿ ಅದೇ ಕಾರಿಗೆ ಇಸುಝು ಎಂಜಿನ್ ಬಂತು, ಅದು ಎಂ.ಎಂ. ಇಂಚಿನಲ್ಲೂ ಒಂದೇ ಜಾತಿ ಇಲ್ಲ. ಅರ್ಧ ಇಂಚಿನ ಬೋಲ್ಟು ಇಂಚಿಗೆ 12 ಸುತ್ತಿನದು, 13ರದು, 20ರದು ಎಲ್ಲಾ ಇವೆ. 8 ಮಿ.ಮೀ. ಬೋಲ್ಟು 5/16 ಇಂಚಿನ ತೂತಿಗೆ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ. ಆಗ ಪಾನ ಹಾಕಿ ತಿರುವಿದಿರೋ, ಹೆಡ್ಡಿನ ಥ್ರೆಡ್ ಕಿತ್ತು ಬರುತ್ತದೆ. ಲೇತಿನವರ ಹತ್ತಿರ ಥ್ರೆಡ್ ಗೇಜ್ ಇರುತ್ತದೆ. ಹಳೆ ಬೋಲ್ಟನ್ನೇ ಒಯ್ದು ಅಳೆಸಿ.

ಅಡಾಪ್ಟರ್ ಹಿಡಿಯುವ ನಡುವಿನ ಬೋಲ್ಟಿನ ವಿಷಯ ಇನ್ನೂ ಮುಖ್ಯ. ಸೋಸಿದ ಆಯಿಲ್ ಎಂಜಿನ್ನಿಗೆ ವಾಪಸು ಹೋಗುವುದು ಆ ಬೋಲ್ಟಿನ ಒಳಗಿನಿಂದ, ಅದು ಟೊಳ್ಳಾಗಿರಬೇಕು. ಗಟ್ಟಿ ಬೋಲ್ಟು ಹಾಕಿದರೆ ದಾರಿಯೇ ಕಟ್ಟಿತು. ಉದ್ದವೂ ಸರಿ ಇರಬೇಕು. ಜಾಸ್ತಿಯಾದರೆ ತೂತಿನ ತಳಕ್ಕೆ ತಾಗಿ ನಿಲ್ಲುತ್ತದೆ, ಬಿಗಿಯಾಯಿತು ಅನಿಸುತ್ತದೆ, ಅಡಾಪ್ಟರ್ ಮಾತ್ರ ಸಡಿಲ. ಕಡಿಮೆಯಾದರೆ ಮೂರು ನಾಲ್ಕು ಸುತ್ತಷ್ಟೇ ಹಿಡಿಯುತ್ತದೆ. ಬೀಡಿನ ಹೆಡ್ಡಿಗೆ ಬೋಲ್ಟಿನ ದಪ್ಪದಷ್ಟಾದರೂ ಒಳಗೆ ಹೋಗಬೇಕು, ಅಲ್ಯೂಮಿನಿಯಂ ಆದರೆ ಒಂದೂವರೆ ಪಟ್ಟು.

ಬಟ್ಟಲು ತೆಗೆದಾಗ ಹೆಡ್ಡಿನ ಗಾಡಿಯಲ್ಲಿ ಹಳೆ ರಬ್ಬರ್ ಬಳೆ ಅಂಟಿಕೊಂಡಿರುತ್ತದೆ. ಎಣ್ಣೆ ಕುಡಿದು ಕಪ್ಪಾಗಿ, ಕಬ್ಬಿಣದ ಹಾಗೇ ಕಾಣುತ್ತದೆ. ಅದನ್ನು ಬಿಟ್ಟು ಮೇಲೊಂದು ಹೊಸ ಬಳೆ ಕೂರಿಸಿದರೆ ಖಂಡಿತ ಸೋರುತ್ತದೆ. ದಬ್ಬಣದಿಂದ ಸುತ್ತಲೂ ಚುಚ್ಚಿ ನೋಡಿ: ಮೆತ್ತಗೆ ತಾಗಿದರೆ ಬಳೆ ಇನ್ನೂ ಅಲ್ಲೇ ಇದೆ. ಬಟ್ಟಲನ್ನೇ ಉಳಿಸಿಕೊಳ್ಳುವವರಿಗೂ ಇದೇ ಮಾತು. ಅವರ ಬೋಲ್ಟಿನ ತಾಮ್ರದ ವಾಷರ್ ಗಟ್ಟಿಯಾಗಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗುತ್ತದೆ. ಕುಡುಗೋಲಿನ ಹಾಗೆ ಹದ ಏರುವುದಿಲ್ಲ, ತಾಮ್ರದ ಗುಣವೇ ಬೇರೆ.

ಫಿಲ್ಟರ್ ಅಡ್ಡವಾಗಿ ಅಥವಾ ಬಾಯಿ ಕೆಳಗಾಗಿ ಕೂರುವುದಾದರೆ, ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುವುದನ್ನೇ ತನ್ನಿ. ಸುತ್ತಲಿನ ಸಣ್ಣ ತೂತುಗಳಲ್ಲಿ ಇಣುಕಿದರೆ ಕಾಣುತ್ತದೆ.

ಹಾಕಿದ ಮೇಲೆ ಸ್ಟಾಪ್ ಎಳೆದು ಹಿಡಿದು, ಮೀಟರಿನ ಮುಳ್ಳು ಏಳುವವರೆಗೆ ಸೆಲ್ಫ್ ಹೊಡೆಯಿರಿ, ನಡುನಡುವೆ ಬಿಟ್ಟು. ಆಮೇಲೆ ಚಾಲೂ ಮಾಡಿ ಕೆಳಗೆ ಒಣ ಗೋಣಿ ಹಾಸಿ ಹತ್ತು ನಿಮಿಷ ನೋಡಿ.

ನನ್ನ ಮೀಟರ್ ಈಗ ಹೊಸದು. ಬಾನೆಟ್ಟಿನ ಒಳಗೆ ಬಿಳಿ ಪೇಂಟಿನಲ್ಲಿ "ಮುಕ್ಕಾಲಿಂಚು, 16 ಸುತ್ತು" ಎಂದು ಬರೆಸಿದ್ದೇನೆ. ಮಗ ಅಂಗಡಿಗೆ ಹೋಗುವಾಗ ಅದನ್ನು ನೋಡಿಕೊಂಡೇ ಹೋಗುತ್ತಾನೆ.